ತೊಟ್ಟಿಕ್ಕುವ ಜಾಗ, ಸೋರುವ ಜಾಗ

ಕಾರಿನ ಅಡಿಯಲ್ಲಿ ಹಸಿ ಕಲೆಯೊಂದು ಕಂಡ ಕೂಡಲೇ ನಮ್ಮ ಬಾಯಿಗೆ ಬರುವ ಮೊದಲ ಮಾತು ‘ಎಷ್ಟು ಖರ್ಚಾದೀತು?’ ಎಂಬುದು. ಆಮೇಲಿನದು ‘ಯಾವ ಪಾರ್ಟ್ ಹೋಗಿದೆ?’. ಎರಡೂ ಸಹಜವಾದ ಪ್ರಶ್ನೆಗಳೇ. ಆದರೆ ಇವಕ್ಕೆ ನಿಜವಾದ ಉತ್ತರ ಸಿಗಬೇಕಿದ್ದರೆ ಇನ್ನೆರಡನ್ನು ಮೊದಲು ಕೇಳಿಕೊಳ್ಳಬೇಕು: ಸೋರಿದ್ದು ಏನು, ಸೋರಿದ್ದು ಎಲ್ಲಿಂದ. ಶಿವಮೊಗ್ಗದ ಸಾಗರ ರಸ್ತೆಯ ಗ್ಯಾರೇಜುಗಳಲ್ಲಿ ನನ್ನ ಹಳೆಯ ಕಾರಿನ ಪಕ್ಕ ನಿಂತು, ಕೂತು, ಕೆಲವೊಮ್ಮೆ ಅದರ ಕೆಳಗೆ ಮಲಗಿ ಕಳೆದ ಹೊತ್ತು ನನಗೆ ಕಲಿಸಿದ್ದು ಇದನ್ನೇ. ಸೋರಿಕೆಯಲ್ಲಿ ಕಷ್ಟದ ಕೆಲಸವೆಂದರೆ ಪತ್ತೆ. ಅದು ಸರಿಯಾಯಿತೆಂದರೆ ರಿಪೇರಿ ಎಷ್ಟೋ ಸಲ ಒಂದು ವಾಷರ್‌ನಲ್ಲಿ, ಒಂದು ಹೋಸ್ ಕ್ಲಿಪ್ಪಿನಲ್ಲಿ ಮುಗಿದುಹೋಗುತ್ತದೆ. ಅದು ತಪ್ಪಿದರೆ ಗೇರ್ ಬಾಕ್ಸ್ ಇಳಿಸಿ ಏರಿಸಿದ ಮೇಲೂ ಕಲೆ ಮತ್ತೆ ಬೀಳುತ್ತದೆ.

ಬಿದ್ದದ್ದೆಲ್ಲ ಕೇಡಲ್ಲ ಎಂಬಲ್ಲಿಂದಲೇ ಶುರು ಮಾಡಬೇಕು. ಮೇ ತಿಂಗಳಲ್ಲಿ ಮಂಗಳೂರಿನಲ್ಲೋ ಉಡುಪಿಯಲ್ಲೋ ಏಸಿ ಹಾಕಿಕೊಂಡು ಓಡಾಡಿದ ಕಾರು ನಿಂತಲ್ಲೆಲ್ಲ ಮುಂದಿನ ಎಡ ಸೀಟಿನ ಆಸುಪಾಸಿನ ಅಡಿಯಿಂದ ತಿಳಿನೀರು ಸುರಿಸುತ್ತದೆ. ಕರಾವಳಿಯ ತೇವದ ಗಾಳಿ ಏಸಿಯ ತಣ್ಣನೆಯ ಕಾಯಿಲ್‌ಗೆ ತಾಗಿ ನೀರಾಗುತ್ತದೆ, ಆ ನೀರು ಸಣ್ಣ ಕೊಳವೆಯಲ್ಲಿ ಹೊರಗೆ ಬೀಳುತ್ತದೆ, ಅಷ್ಟೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬೆರಳಿಗೆ ಜಿಡ್ಡು ಹತ್ತುವುದಿಲ್ಲ. ಬೀಳದೇ ಇದ್ದರೇ ಯೋಚಿಸಬೇಕು. ಆ ಕೊಳವೆಯಲ್ಲಿ ಧೂಳು ಕಟ್ಟಿಕೊಂಡರೆ ನೀರು ಒಳಗೆ ತಿರುಗಿ ಕಾಲಡಿಯ ಮ್ಯಾಟನ್ನು ನೆನೆಸುತ್ತದೆ. ಸೈಲೆನ್ಸರ್ ತುದಿಯಿಂದ ಬೆಳಗಿನ ಚಳಿಯಲ್ಲಿ ಬೀಳುವ ಹನಿಗಳೂ ಹೀಗೆಯೇ ನಿರಪಾಯ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ ಎಂಬುದು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗ ನಂಬುವುದು ಕಷ್ಟವಾಗಿತ್ತು. ಎಂಜಿನ್ ಬಿಸಿಯಾದ ಮೇಲೆ ಅದು ಆವಿಯಾಗಿ ಹೋಗುತ್ತದೆ, ನಮಗೆ ಕಾಣುವುದಿಲ್ಲ. ತಣ್ಣಗಿರುವಾಗ ಪೈಪಿನಲ್ಲೇ ನೀರಾಗಿ ತೊಟ್ಟಿಕ್ಕುತ್ತದೆ.

ಉಳಿದವನ್ನು ಬೆರಳು ಮತ್ತು ಮೂಗು ಹೇಳುತ್ತವೆ. ಒಳ್ಳೆಯ ಮೆಕ್ಯಾನಿಕ್ ಒಬ್ಬರು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿ, ಮೂಸಿ, ಬಿಳಿ ಬಟ್ಟೆಗೆ ಒರೆಸಿ, ಬೆಳಕಿಗೆ ಹಿಡಿಯುವುದನ್ನು ನೋಡಿದರೆ ಆ ಕೆಲಸಕ್ಕೆ ಎಷ್ಟು ವರ್ಷಗಳ ಅಭ್ಯಾಸ ಬೇಕಾಗಿದೆ ಎಂಬುದು ತಿಳಿಯುತ್ತದೆ. ಎಂಜಿನ್ ಆಯಿಲ್ ಹೊಸದಿದ್ದಾಗ ಜೇನುಬಣ್ಣ, ಓಡಿದಂತೆಲ್ಲ ಕಪ್ಪು. ಡೀಸೆಲ್ ಗಾಡಿಯಲ್ಲಂತೂ ಬದಲಿಸಿದ ಕೆಲವೇ ದಿನಗಳಲ್ಲಿ ಮಸಿಯಷ್ಟು ಕಪ್ಪಾಗುತ್ತದೆ. ಗೇರ್ ಆಯಿಲ್ ಅದಕ್ಕಿಂತ ಮಂದ. ಹಲ್ಲುಗಳ ಮೇಲೆ ಬೀಳುವ ಒತ್ತಡವನ್ನು ತಡೆಯಲೆಂದು ಬೆರೆಸಿದ ಗಂಧಕದ ಸಂಯುಕ್ತಗಳಿಂದಾಗಿ ಒಂದು ಕೆಟ್ಟ ಘಾಟು ಅದರಲ್ಲಿದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್‌ಗೆ ಹೆಚ್ಚಾಗಿ ಕೆಂಪು ಬಣ್ಣ ಹಾಕಿರುತ್ತಾರೆ. ಎಂಜಿನ್ ಆಯಿಲ್ ಜೊತೆ ಗೊಂದಲವಾಗದಿರಲಿ ಎಂಬುದೇ ಅದರ ಉದ್ದೇಶ. ಹಳೆಯ ಕಾರುಗಳ ಪವರ್ ಸ್ಟೀರಿಂಗಿಗೂ ಅದನ್ನೇ ಹಾಕುವುದುಂಟು. ಈಗಿನ ಸಣ್ಣ ಕಾರುಗಳಲ್ಲಿ ಸ್ಟೀರಿಂಗಿಗೆ ಮೋಟಾರು ಬಂದಿರುವುದರಿಂದ ಅಲ್ಲಿ ಸೋರಲು ಏನೂ ಇಲ್ಲ. ಬ್ರೇಕ್ ಆಯಿಲ್ ತೆಳು, ತಿಳಿ ಹಳದಿ. ಜಾರುತ್ತದೆ, ಆದರೆ ಹೆಸರಿಗೆ ಮಾತ್ರ ಆಯಿಲ್. ಗ್ಲೈಕಾಲ್ ಜಾತಿಯ ದ್ರವವಾದ್ದರಿಂದ ನೀರು ಹಾಕಿದರೆ ತೊಳೆದುಹೋಗುತ್ತದೆ, ಪೇಂಟಿನ ಮೇಲೆ ಬಿದ್ದರೆ ಪೇಂಟನ್ನೇ ಎಬ್ಬಿಸುತ್ತದೆ.

ಕೂಲೆಂಟಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಸಿರು, ಗುಲಾಬಿ, ಕೇಸರಿ, ನೀಲಿ ಎಂದು ಕಂಪನಿಗೊಂದು ಬಣ್ಣದಲ್ಲಿ ಬರುವ ಇದನ್ನು ಗುರುತಿಸುವುದು ಅದರ ಸಿಹಿ ವಾಸನೆಯಿಂದ. ರುಚಿಯೂ ಸಿಹಿ. ಅಪಾಯವಿರುವುದು ಅಲ್ಲಿಯೇ. ಬಹುಪಾಲು ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಹೊಟ್ಟೆಗೆ ಹೋದರೆ ದೇಹದಲ್ಲಿ ಆಕ್ಸಾಲಿಕ್ ಆಮ್ಲವಾಗಿ ಬದಲಾಗಿ, ಕ್ಯಾಲ್ಸಿಯಂ ಜೊತೆ ಹರಳುಗಟ್ಟಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬೀದಿನಾಯಿ, ಬೆಕ್ಕು ನೆಕ್ಕಿದರೆ ಸ್ವಲ್ಪವೇ ಸಾಕು ಸಾಯಲು. ರಾತ್ರಿ ನಮ್ಮ ಕಾರಿನ ಕೆಳಗೆ ಬೆಚ್ಚಗೆ ಮಲಗಲು ಬರುವ ಪ್ರಾಣಿಗಳು ಇವೇ. ಮನೆಮುಂದೆ ಬಣ್ಣದ ನೀರಿನ ಕಲೆ ಕಂಡರೆ ಗ್ಯಾರೇಜಿಗೆ ಫೋನ್ ಮಾಡುವುದಕ್ಕೂ ಮೊದಲು ಬಕೆಟ್ಟು ತುಂಬ ನೀರು ಸುರಿದು, ಉಜ್ಜಿ, ಮತ್ತೆ ನೀರು ಹಾಕಬೇಕು. ಏನೆಂದು ತಿಳಿಯಲು ಯಾವ ದ್ರವವನ್ನೂ ನಾಲಿಗೆಗೆ ಹಚ್ಚಬಾರದು. ಹಿಂದಿನ ತಲೆಮಾರಿನ ಕೆಲವರಿಗೆ ಆ ಅಭ್ಯಾಸವಿತ್ತು.

ಏನು ಎಂಬುದು ಹೀಗೆ ಸುಲಭಕ್ಕೆ ತಿಳಿದೀತು. ಎಲ್ಲಿಂದ ಎಂಬುದು ಹಾಗಲ್ಲ. ಮಲೆನಾಡಿನ ಹಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹನಿ ಬೀಳುವುದು ಅಡುಗೆಮನೆಯ ನಡುವೆ, ಹಂಚು ಒಡೆದಿರುವುದು ಮೇಲೆಲ್ಲೋ ಮಾಡಿನ ನೆತ್ತಿಯ ಹತ್ತಿರ; ನಡುವೆ ನೀರು ಪಕಾಸಿಯ ಗುಂಟ ಹರಿದು ಬಂದಿರುತ್ತದೆ. ಎಂಜಿನ್ನಿನಲ್ಲೂ ಆಯಿಲ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಜೊತೆಗೆ, ಕಾರು ಓಡುವಾಗ ಮುಂದಿನಿಂದ ನುಗ್ಗುವ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಟ್ಯಾಪೆಟ್ ಕವರಿನ ಒಂದು ಮೂಲೆಯಲ್ಲಿ ಜಿನುಗಿದ್ದು ಎಂಜಿನ್ನಿನ ಮೈಮೇಲೆ ಇಳಿದು, ಬೋಲ್ಟುಗಳ ಸಂದಿ ಹಿಡಿದು, ಗೇರ್ ಬಾಕ್ಸಿನ ಮೇಲೆ ಹಾದು, ಕೊನೆಗೆ ಅತ್ಯಂತ ತಗ್ಗಿನಲ್ಲಿರುವ ಯಾವುದೋ ಬೋಲ್ಟಿನ ತುದಿಗೆ ಬಂದು ನೇತುಬಿದ್ದು ತೊಟ್ಟಾಗುತ್ತದೆ. ಆ ಬೋಲ್ಟು ಏನೂ ಮಾಡಿರುವುದಿಲ್ಲ. ಅದಕ್ಕೇ ಅನುಭವವಿರುವವರು ಹುಡುಕುವುದು ಅತಿ ಹೆಚ್ಚು ಒದ್ದೆಯಾದ ಜಾಗವನ್ನಲ್ಲ. ಒದ್ದೆಯಾದ ಜಾಗಗಳಲ್ಲೆಲ್ಲ ಅತಿ ಮೇಲಿನದು ಯಾವುದು, ಅತಿ ಮುಂದಿನದು ಯಾವುದು ಎಂದು ನೋಡುತ್ತಾರೆ. ಈಚಿನ ಕಾರುಗಳಲ್ಲಿ ಎಂಜಿನ್ ಕೆಳಗೆ ಪ್ಲಾಸ್ಟಿಕ್ ತಟ್ಟೆ ಹಾಕಿ ಮುಚ್ಚಿರುತ್ತಾರೆ. ಆಯಿಲ್ ಅಲ್ಲಿ ಹರಡಿ ನಿಂತು, ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿದ ದಿನ ತಟ್ಟೆಯ ಯಾವುದೋ ತೂತಿನಿಂದ ಬೀಳುತ್ತದೆ. ನೆಲದ ಕಲೆಗೂ ಸೋರಿಕೆಗೂ ಇದ್ದ ಅಷ್ಟಿಷ್ಟು ಸಂಬಂಧವನ್ನೂ ಆ ತಟ್ಟೆ ಕಡಿದುಹಾಕಿದೆ.

ನನ್ನ ಕಾರಿನಲ್ಲಿ ಆಯಿಲ್ ಕಾಣಿಸಿದ್ದು ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗದಲ್ಲಿ. ಎರಡು ಕಡೆ ತೋರಿಸಿದೆ. ಎರಡು ಕಡೆಯೂ ಒಂದೇ ಉತ್ತರ: ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು, ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನೂ ಹೊಸದು ಹಾಕಿಬಿಡೋಣ. ಅವರು ಮೋಸ ಮಾಡಲು ಹೊರಟಿದ್ದರು ಎಂದು ನಾನು ಹೇಳಲಾರೆ. ಆ ಜಾಗದಲ್ಲಿ ಆಯಿಲ್ ಕಂಡರೆ ಮೊದಲು ನೆನಪಾಗುವುದು ಕ್ರ್ಯಾಂಕ್ ಸೀಲೇ, ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ. ಮೂರನೆಯ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಟಾರ್ಚ್ ಬಿಟ್ಟು ನೋಡಿ, “ಇವತ್ತು ಗಾಡಿ ಇಲ್ಲೇ ಬಿಡಿ ಸಾರ್, ತೊಳೆದು ನೋಡ್ಬೇಕು” ಅಂದರು. ಏನನ್ನಿಸುತ್ತದೆ ಎಂದು ಕೇಳಿದೆ. “ಈಗ್ಲೇ ಹೆಂಗೆ ಹೇಳ್ಲಿ? ಹಳೇ ಆಯಿಲ್ ಮೇಲೆ ಹೊಸ ಆಯಿಲ್ ಬಿದ್ರೆ ಯಾವ್ದು ಯಾವ್ದು ಅಂತ ಗೊತ್ತಾಗಲ್ಲ.”

ಆ ತೊಳೆಯುವ ಕೆಲಸವನ್ನು ನಾನು ಕೂತು ನೋಡಿದೆ. ಡೀಸೆಲ್ ಅದ್ದಿದ ಬ್ರಶ್ಶಿನಲ್ಲಿ ಮೂಲೆಮೂಲೆ ಉಜ್ಜಿ, ಬನಿಯನ್ ವೇಸ್ಟಿನಲ್ಲಿ ಒರೆಸಿ, ಗಾಳಿ ಹೊಡೆದು ಒಣಗಿಸಿದರು. ವರ್ಷಗಳಿಂದ ಧೂಳು ಕುಡಿದು ಗಟ್ಟಿಯಾಗಿದ್ದ ಜಿಡ್ಡು ಹೋಗಿ ಅಲ್ಯೂಮಿನಿಯಮ್ಮಿನ ನಿಜವಾದ ಬಣ್ಣ ಕಾಣಿಸಿತು. ಆಮೇಲೆ ಅನುಮಾನವಿದ್ದ ಕಡೆಗಳಿಗೆಲ್ಲ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿದರು. ಎಂಜಿನ್ ಓಡಿಸಿ ಬಿಸಿ ಮಾಡಿ, ಹತ್ತಿರದಲ್ಲೇ ಒಂದು ಸುತ್ತು ಹೊಡೆದು ಬಂದು, ಬಾನೆಟ್ ಎತ್ತಿ ಕಾದರು. ಬಿಳಿ ಪುಡಿಯ ಮೇಲೆ ಟ್ಯಾಪೆಟ್ ಕವರಿನ ಗೇರ್ ಬಾಕ್ಸ್ ಕಡೆಯ ಮೂಲೆಯಿಂದ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಇಳಿಯತೊಡಗಿತು. ಕ್ರ್ಯಾಂಕ್ ಸೀಲಿನ ಸುತ್ತ ಪುಡಿ ಒಣಗಿಯೇ ಇತ್ತು.

ಅಲ್ಲಿ ಇದ್ದ ಅಷ್ಟೂ ಜಿಡ್ಡು ಒಂದು ರೀತಿಯಲ್ಲಿ ಸಾಕ್ಷಿಯೇ. ಅದನ್ನು ಒರೆಸಿ ಹಾಕದ ಹೊರತು ನಿಜ ಗೊತ್ತಾಗುವಂತಿರಲಿಲ್ಲ ಎಂಬುದು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಹಳೆಯ ಕಲೆಯಲ್ಲಿ ಎಷ್ಟೋ ಸೋರಿಕೆಗಳು ಸೇರಿಕೊಂಡಿರುತ್ತವೆ: ಎಂದೋ ಸರಿಯಾಗಿ ಬಿಗಿಯದ ಫಿಲ್ಟರು, ಆಯಿಲ್ ತುಂಬುವಾಗ ಚೆಲ್ಲಿದ್ದು, ಈಗಾಗಲೇ ರಿಪೇರಿಯಾಗಿ ಮುಗಿದುಹೋದದ್ದು. ಎಲ್ಲವೂ ಒಂದೇ ಕಪ್ಪಾಗಿ ಈ ಹೊತ್ತಿನ ದೂರಿನ ಜೊತೆ ಕಾಣುತ್ತವೆ. ಮನುಷ್ಯರ ನಡುವಿನ ತಕರಾರುಗಳಲ್ಲಿ ಹಳೆಯದನ್ನೆಲ್ಲ ಎದುರಿಗೆ ಹರವಿಕೊಂಡು ‘ಮೂಲ ಯಾವುದು’ ಎಂದು ಹುಡುಕುವ ನಮ್ಮ ರೂಢಿ ಎಷ್ಟು ಕುರುಡು ಎಂದು ಆ ದಿನ ನನಗೆ ಅನ್ನಿಸಿತು. ಇಂದು ಯಾವುದು ಜಿನುಗುತ್ತಿದೆ ಎಂದು ತಿಳಿಯಬೇಕಾದರೆ ಮೊದಲು ಒಣ ನೆಲ ಬೇಕು, ಆಮೇಲೆ ಕಾಯುವ ವ್ಯವಧಾನ ಬೇಕು. ಗ್ಯಾರೇಜಿಗೆ ಹೋಗದೆಯೂ ಇಷ್ಟನ್ನು ಯಾರಾದರೂ ಮಾಡಬಹುದು. ರಾತ್ರಿ ಕಾರಿನ ಕೆಳಗೆ ಬಿಳಿ ರಟ್ಟನ್ನೋ ಹಳೆಯ ಪತ್ರಿಕೆಯನ್ನೋ ಹಾಸಿ, ಮುಂದಿನ ಚಕ್ರಗಳು ಎಲ್ಲಿ ಬಂದವು ಎಂದು ಅದರ ಮೇಲೆ ಗುರುತು ಹಾಕಿಟ್ಟರೆ ಬೆಳಿಗ್ಗೆ ಅರ್ಧ ವಿಷಯ ಕಾಗದದ ಮೇಲಿರುತ್ತದೆ. ದೊಡ್ಡ ವರ್ಕ್‌ಶಾಪುಗಳಲ್ಲಿ ಆಯಿಲ್‌ಗೋ ಕೂಲೆಂಟಿಗೋ ಹೊಳೆಯುವ ಬಣ್ಣ ಬೆರೆಸಿ, ಕೆಲವು ದಿನ ಓಡಿಸಿ, ಅತಿನೇರಳೆ ದೀಪದಲ್ಲಿ ನೋಡುತ್ತಾರೆ. ಉಪಕರಣ ಬೇರೆ, ಕಾಯುವುದು ಮಾತ್ರ ಅದೇ.

ಟ್ಯಾಪೆಟ್ ಕವರಿನ ರಬ್ಬರ್ ಪ್ಯಾಕಿಂಗ್ ಹೊಸದು ಹಾಕಿದರೆ ಕತೆ ಮುಗಿಯಬೇಕಿತ್ತು. ಆದರೆ ಅಲ್ಲಿದ್ದ ಪ್ಯಾಕಿಂಗ್ ತೀರ ಹಳೆಯದೇನೂ ಆಗಿರಲಿಲ್ಲ. ಕಳಚಿದ ರಬ್ಬರನ್ನು ಮಡಿಸಿ ನೋಡಿದ ಮೆಕ್ಯಾನಿಕ್, ಅದಿನ್ನೂ ಮೆತ್ತಗಿದೆ, ಒಡೆದಿಲ್ಲ ಎಂದು ತೋರಿಸಿ, ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದರು. ಬಿಸಿ ಹೊಗೆ ಭುಸುಭುಸು ಎಂದು ಹೊರಗೆ ನುಗ್ಗಿತು. ಆರೋಗ್ಯವಾಗಿರುವ ಎಂಜಿನ್ ಅಲ್ಲಿಟ್ಟ ಕಾಗದವನ್ನು ಸಾಮಾನ್ಯವಾಗಿ ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸಿಲಿಂಡರಿನಲ್ಲಿ ಉರಿದ ಗಾಳಿಯ ಒಂದು ಸಣ್ಣ ಪಾಲು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿನ ಚೇಂಬರಿಗೆ ಇಳಿಯುವುದು ಯಾವ ಎಂಜಿನ್ನಿಗೂ ತಪ್ಪಿದ್ದಲ್ಲ. ಅದನ್ನು ಬ್ರೀದರ್ ಪೈಪಿನ ಮೂಲಕ ಮತ್ತೆ ಎಳೆದು ಉರಿಸುವ ಏರ್ಪಾಡಿದೆ. ಮೊದಲು ಆ ಹೊಗೆಯನ್ನು ಒಂದು ಕೊಳವೆಯಲ್ಲಿ ರಸ್ತೆಗೇ ಬಿಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಾಳಿ ಕೆಟ್ಟು ಜನ ಕಂಗಾಲಾದಾಗ ಈ ಮರುಬಳಕೆಯ ವಾಲ್ವು ಕಡ್ಡಾಯವಾಯಿತು, ಮುಂದೆ ಎಲ್ಲ ಕಡೆಗೂ ಬಂತು. ಊರೊಳಗೆ ಸಣ್ಣ ಸಣ್ಣ ದೂರ ಓಡುವ ಕಾರುಗಳಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಂತುಬಿಡುತ್ತದೆ. ಒಳಗಿನ ತೇವ ಹೊರಗೆ ಹೋಗದೆ ಆಯಿಲ್ ಜೊತೆ ಸೇರಿ ಕೆಸರಾಗಿ ಆ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಹೊಗೆಗೆ ದಾರಿ ಸಿಗದೆ ಒತ್ತಡ ಏರುತ್ತದೆ, ಏರಿದ ಒತ್ತಡ ಎಲ್ಲಿ ಬಲಹೀನವೋ ಅಲ್ಲಿ ಆಯಿಲನ್ನು ಹೊರಕ್ಕೆ ನೂಕುತ್ತದೆ. ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುವುದು ಈ ಒತ್ತಡವನ್ನೇ. ರಿಂಗುಗಳು ಸವೆದಿದ್ದರೆ ಬ್ರೀದರ್ ಚೊಕ್ಕಟವಾಗಿದ್ದರೂ ಅದು ಏರುತ್ತದೆ, ಆಗ ಎಂಜಿನ್ ಬಿಚ್ಚದೆ ಬೇರೆ ದಾರಿಯಿಲ್ಲ. ನನ್ನ ಕಾರಿನಲ್ಲಿ ಪೈಪಿನೊಳಗೆ ಟಾರಿನಂಥ ಕೆಸರು ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆದು ತೊಳೆದು, ವಾಲ್ವು ಬದಲಿಸಿದ ಮೇಲೆ ಮುಚ್ಚಳದ ಬಾಯಿಯ ಭುಸುಗುಡುವಿಕೆ ನಿಂತಿತು.

ಹಾಗಾದರೆ ಸೋರಿದ್ದು ಎಲ್ಲಿಂದ? ತೊಟ್ಟಿಕ್ಕಿದ್ದು ಗೇರ್ ಬಾಕ್ಸಿನ ಕೆಳಗೆ, ಜಿನುಗಿದ್ದು ಟ್ಯಾಪೆಟ್ ಕವರಿನ ಮೂಲೆಯಲ್ಲಿ, ಕಾರಣವಿದ್ದದ್ದು ಬೇರೆಲ್ಲೋ ಒಣಗಿಯೇ ಇದ್ದ ಒಂದು ಪೈಪಿನಲ್ಲಿ. ಒದ್ದೆಯಾದದ್ದನ್ನಷ್ಟೇ ನೋಡುವವರಿಗೆ ಆ ಪೈಪು ಎಂದೂ ಕಾಣಿಸುತ್ತಿರಲಿಲ್ಲ. ಹೊಸ ಪ್ಯಾಕಿಂಗ್ ಕೆಲವು ತಿಂಗಳು ತಡೆದು ಮತ್ತೆ ಜಿನುಗುತ್ತಿತ್ತು, ಆಗ ನಾವು ಪ್ಯಾಕಿಂಗ್ ಕಂಪನಿಯನ್ನು ಬೈಯುತ್ತಿದ್ದೆವು, ಇಲ್ಲವೇ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿಸುತ್ತಿದ್ದೆವು. ಹಾಗೆ ಬಿಗಿ ಮಾಡುವುದು ಕೆಡುಕಿಗೆ ದಾರಿ: ತೆಳು ತಗಡಿನ ಕವರು ಬೋಲ್ಟಿನ ಸುತ್ತ ಬಾಗಿ, ಎರಡು ಬೋಲ್ಟುಗಳ ನಡುವೆ ಎದ್ದು ನಿಲ್ಲುತ್ತದೆ, ಸೋರಿಕೆ ಹೆಚ್ಚುತ್ತದೆ. ಬಲಹೀನವಾದ ಜಾಗ ಸೋರುತ್ತದೆ ಎಂಬುದು ನಿಜ. ಬಲಹೀನವಾದದ್ದೇ ಕಾರಣ ಎಂದು ಅಲ್ಲಿಗೇ ಹುಡುಕಾಟ ನಿಲ್ಲಿಸಿಬಿಡುವುದು ಕಾರಿನ ವಿಷಯದಲ್ಲಿ ಮಾತ್ರ ನಡೆಯುವ ತಪ್ಪಲ್ಲ. ಮನೆಯಲ್ಲಿ, ಆಫೀಸಿನಲ್ಲಿ ಮೊದಲು ಕುಸಿದವರನ್ನೇ ತಪ್ಪಿತಸ್ಥರನ್ನಾಗಿ ಮಾಡಿ, ಅವರ ಮೇಲೆ ಬಿದ್ದಿದ್ದ ಒತ್ತಡ ಎಲ್ಲಿಂದ ಬರುತ್ತಿತ್ತು ಎಂದು ಕೇಳದೆ ಇರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಎಲ್ಲ ಯಂತ್ರಕ್ಕೂ ಒಂದೇ ಅಳತೆಯೂ ನಡೆಯುವುದಿಲ್ಲ. ಹಳೆಯ ಕಾಲದ ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಹಿಂತುದಿಗೆ ರಬ್ಬರ್ ಸೀಲೇ ಇರುತ್ತಿರಲಿಲ್ಲ. ಲೋಹದ ಮೇಲೆ ಸುರುಳಿಯಾಗಿ ಕೊರೆದ ಗೆರೆ ತಿರುಗುತ್ತ ಆಯಿಲನ್ನು ಒಳಕ್ಕೆ ತಳ್ಳುತ್ತಿತ್ತು. ಎಂಜಿನ್ ನಿಂತಾಗ ತಳ್ಳುವವರಿಲ್ಲ, ನಾಲ್ಕು ಹನಿ ಬೀಳಲೇಬೇಕು. ಅಂಥ ಕಾರು ಇಟ್ಟವರು ಶೆಡ್ಡಿನಲ್ಲಿ ಕೆಳಗೊಂದು ತಗಡಿನ ತಟ್ಟೆ ಇಟ್ಟು, ದಿನಾ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ಒರೆಸಿ ನೋಡಿ ಆಮೇಲೆ ಹೊರಡುತ್ತಿದ್ದರು. ಅಂಬಾಸಡರ್ ಟ್ಯಾಕ್ಸಿ ಓಡಿಸುತ್ತಿದ್ದ ಡ್ರೈವರುಗಳಿಗೆ ತಮ್ಮ ಗಾಡಿ ವಾರಕ್ಕೆ ಎಷ್ಟು ಆಯಿಲ್ ಕುಡಿಯುತ್ತದೆ ಎಂಬುದು ಬಾಯಿಪಾಠವಾಗಿರುತ್ತಿತ್ತು. ಇಂದಿನ ಕಾರಿನಲ್ಲಿ ಅಷ್ಟು ಸೋರುವುದಿಲ್ಲವೆಂಬುದು ದೊಡ್ಡ ಸುಧಾರಣೆ, ನಿಜ. ಆದರೆ ಬಾನೆಟ್ ಎತ್ತುವ ಆ ಅಭ್ಯಾಸ ಅದರ ಜೊತೆಗೇ ಹೋಗಿದ್ದು ನಷ್ಟ ಎಂದೇ ನನ್ನ ಅಭಿಪ್ರಾಯ. ಯಾಕೆಂದರೆ ಕೆಲವು ಸೋರಿಕೆಗಳು ನೆಲದ ಮೇಲೆ ಒಂದು ಹನಿಯನ್ನೂ ಹಾಕುವುದಿಲ್ಲ, ಮಟ್ಟ ನೋಡುವ ಅಭ್ಯಾಸ ಒಂದೇ ಅವನ್ನು ಹಿಡಿದುಕೊಡಬಲ್ಲದು. ಹೆಡ್ ಗ್ಯಾಸ್ಕೆಟ್ ಸುಟ್ಟು ಕೂಲೆಂಟ್ ಸಿಲಿಂಡರಿನೊಳಗೆ ಹೋಗುತ್ತಿದ್ದರೆ ಅದು ಬಿಳಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಆಯಿಲ್ ಜೊತೆ ಸೇರಿದರೆ ಡಿಪ್‌ಸ್ಟಿಕ್ಕಿನ ಮೇಲೆ ಹಾಲು ಬೆರೆತ ಕಾಫಿಯ ಬಣ್ಣ ಬರುತ್ತದೆ. ಆಯಿಲೇ ಉರಿದು ಹೋಗುತ್ತಿದ್ದರೆ ಹೊಗೆ ನೀಲಿ. ಬ್ರೇಕಿನ ಮಾಸ್ಟರ್ ಸಿಲಿಂಡರಿನೊಳಗೆ ರಬ್ಬರ್ ಸವೆದು ಆಯಿಲ್ ಒಳಗೊಳಗೇ ಜಾರಿದರೆ ಬಾಟಲಿಯ ಮಟ್ಟವೂ ಇಳಿಯುವುದಿಲ್ಲ. ಕಾಲಿಟ್ಟು ಒತ್ತಿ ಹಿಡಿದ ಪೆಡಲ್ ಮಾತ್ರ ಮೆಲ್ಲಮೆಲ್ಲಗೆ ಕುಸಿಯುತ್ತದೆ.

ಕೂಲೆಂಟ್ ಸೋರಿಕೆಯಲ್ಲಿ ಇನ್ನೊಂದು ತೊಡಕಿದೆ: ಕೆಲವು ಸೋರಿಕೆಗಳು ನಾವು ನೋಡದೇ ಇರುವಾಗ ಮಾತ್ರ ನಡೆಯುತ್ತವೆ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಎಂದೋ 1.1 ಎಂದೋ ಬರೆದಿರುವುದು ಒತ್ತಡದ ಅಳತೆ. ಆ ಒತ್ತಡದಲ್ಲಿ ಒಳಗಿನ ನೀರು ಸುಮಾರು 120 ಡಿಗ್ರಿಯವರೆಗೂ ಕುದಿಯದೆ ಇರಬಲ್ಲದು. ಬಿಸಿಯಾದ ಎಂಜಿನ್ನಿನ ಮುಚ್ಚಳ ತೆಗೆಯಬಾರದು ಎನ್ನುವುದೂ ಇದಕ್ಕೇ, ತೆಗೆದ ಕ್ಷಣ ಎಲ್ಲವೂ ಒಟ್ಟಿಗೆ ಕುದಿದು ಮುಖಕ್ಕೆ ಎರಚುತ್ತದೆ. ಹೀಗೆ ಒತ್ತಡವಿರುವಾಗ ಮಾತ್ರ ಬಾಯಿ ಬಿಡುವ ಬಿರುಕು ರಸ್ತೆಯಲ್ಲಿ ಸೋರಿ, ಬಿಸಿ ಲೋಹದ ಮೇಲೆ ಆರಿಹೋಗಿ, ಮನೆಗೆ ಬರುವಷ್ಟರಲ್ಲಿ ಬಣ್ಣದ ಹೊಪ್ಪಳಿಕೆಯೊಂದನ್ನು ಬಿಟ್ಟು ಮಾಯವಾಗಿರುತ್ತದೆ. ಅದಕ್ಕೆ ತಣ್ಣನೆಯ ಎಂಜಿನ್ನಿಗೆ ಕೈಪಂಪಿನಿಂದ ಅದೇ ಒತ್ತಡ ಕೊಟ್ಟು, ಒತ್ತಡ ತೋರಿಸುವ ಮುಳ್ಳು ಇಳಿಯುತ್ತದೆಯೇ ಎಂದು ನೋಡುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ ಕೆಲವು ಹೋಸುಗಳು ತಣ್ಣಗಾದಾಗ ಕುಗ್ಗಿ, ಕ್ಲಿಪ್ಪು ಸಡಿಲಾಗಿ, ಚಳಿಯ ಮುಂಜಾವದಲ್ಲಷ್ಟೇ ತೊಟ್ಟಿಕ್ಕುತ್ತವೆ. ಗ್ಯಾರೇಜಿನಲ್ಲಿ ಹತ್ತು ನಿಮಿಷ ನೋಡಿದವರಿಗೆ ಇವೆರಡೂ ಸಿಗುವುದಿಲ್ಲ. ಯಾವಾಗ ಸೋರುತ್ತದೆ, ಓಡಿಸಿ ಬಂದ ಮೇಲೋ, ನಿಂತ ಮಾರನೆಯ ದಿನವೋ, ಏರು ಹತ್ತಿದಾಗಲೋ ಎಂಬುದನ್ನು ಕಾರಿನ ಜೊತೆ ಬದುಕುವವರೇ ಹೇಳಬೇಕು.

ಎಂಜಿನ್ ರಚಿಸಿದವರು ಒಂದು ಕಡೆಯಂತೂ ಸೋರಿಕೆಗೆ ಬೇಕೆಂದೇ ದಾರಿ ಮಾಡಿಟ್ಟಿದ್ದಾರೆ. ವಾಟರ್ ಪಂಪಿನ ಮೈಯಲ್ಲಿ ಒಂದು ಸಣ್ಣ ತೂತಿದೆ. ಒಳಗಿನ ಸೀಲ್ ಸವೆದಾಗ ಕೂಲೆಂಟ್ ಬೇರಿಂಗಿಗೆ ನುಗ್ಗದೆ ಆ ತೂತಿನಿಂದ ಹೊರಗೆ ಬೀಳುತ್ತದೆ. ಬೇರಿಂಗ್ ಉಳಿಯುತ್ತದೆ, ಮಾಲೀಕರಿಗೆ ಮುನ್ಸೂಚನೆಯೂ ಸಿಗುತ್ತದೆ. ಸೋರುತ್ತಿದೆ ಎಂದು ಆ ತೂತಿಗೆ ಎಂ-ಸೀಲ್ ಮೆತ್ತಿ ಮುಚ್ಚಿದ ಪಂಪೊಂದನ್ನು ಗ್ಯಾರೇಜಿನಲ್ಲಿ ತೋರಿಸಿದಾಗ ನನಗೆ ಸಂಕಟವಾಯಿತು. ರೇಡಿಯೇಟರಿಗೆ ಸುರಿದರೆ ತಾನೇ ಬಿರುಕು ಮುಚ್ಚುತ್ತದೆ ಎಂದು ಮಾರುವ ಡಬ್ಬಿಗಳನ್ನೂ ನಾನು ಒಪ್ಪುವುದಿಲ್ಲ. ನಡುದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಿಸಿಯಾವು. ಆದರೆ ಬಿರುಕು ಯಾವುದು, ರೇಡಿಯೇಟರಿನ ಸಣ್ಣ ನಾಳ ಯಾವುದು ಎಂದು ಆ ಪುಡಿಗೆ ತಿಳಿಯದು, ಎರಡನ್ನೂ ಕಟ್ಟಬಹುದು.

ಅಂದು ಸಂಜೆ ಬಿಲ್ಲಿನಲ್ಲಿದ್ದದ್ದು ಪ್ಯಾಕಿಂಗ್, ವಾಲ್ವು, ಅವನ್ನು ಹಾಕಿದ ಲೇಬರ್. ತೊಳೆದದ್ದಕ್ಕೆ, ಪುಡಿ ಹಾಕಿ ಕಾದದ್ದಕ್ಕೆ, ಕಾರಣ ಹುಡುಕಿದ್ದಕ್ಕೆ ಏನೂ ಇರಲಿಲ್ಲ. ಕೇಳಿದರೆ, “ನೋಡಿದ್ದಕ್ಕೆಲ್ಲ ಏನ್ ದುಡ್ಡು ಸಾರ್” ಅಂದರು. ಆ ಮಾತು ಇಂದಿಗೂ ನನ್ನನ್ನು ಕಾಡುತ್ತದೆ, ಯಾಕೆಂದರೆ ಅದು ಅವರೊಬ್ಬರ ಮಾತಲ್ಲ. ನಮ್ಮ ಗ್ಯಾರೇಜುಗಳು ಬದಲಿಸಿದ ಪಾರ್ಟಿಗೆ, ಬಿಚ್ಚಿ ಹಾಕಿದ ಬೋಲ್ಟಿಗೆ ಹಣ ಕೇಳಬಲ್ಲವು. ಬಿಚ್ಚುವ ಅಗತ್ಯವೇ ಇಲ್ಲ ಎಂದು ಕಂಡುಹಿಡಿದದ್ದಕ್ಕೆ ಕೇಳಲಾರವು. ಅಂದು ಗೇರ್ ಬಾಕ್ಸ್ ಇಳಿಸಿದ್ದರೆ ಅವರಿಗೆ ಅದರ ಹಲವು ಪಟ್ಟು ಸಿಗುತ್ತಿತ್ತು. ಕಣ್ಣಿಗೂ ಮೂಗಿಗೂ ತಾಳ್ಮೆಗೂ ಬೆಲೆ ಕಟ್ಟದ ಕಡೆ ಅವು ಬೇಗ ಸಾಯುತ್ತವೆ. ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದಿದ್ದ ಹುಡುಗ ಕಲಿಯುವುದು ಯಾವುದಕ್ಕೆ ಹಣ ಬರುತ್ತದೆ ಎಂಬುದನ್ನು. ಅದರಲ್ಲಿ ಅವನ ತಪ್ಪೇನಿದೆ? ಅಂದಿನಿಂದ ನಾನು ಕಾರು ಬಿಡುವಾಗಲೇ ‘ಹುಡುಕುವ ಹೊತ್ತಿಗೆ ಇಷ್ಟು ಕೊಡುತ್ತೇನೆ, ಏನೂ ಬದಲಿಸದಿದ್ದರೂ ಕೊಡುತ್ತೇನೆ’ ಎಂದು ಹೇಳಿಬಿಡುತ್ತೇನೆ. ಮೊದಮೊದಲು ಅವರಿಗೆ ಮುಜುಗರವಾಗುತ್ತಿತ್ತು. ಈಗ ಬಿಲ್ಲಿನಲ್ಲಿ ‘ಚೆಕ್ಕಿಂಗ್’ ಎಂದು ಒಂದು ಸಾಲು ಬರೆಯುತ್ತಾರೆ. ಹೆಚ್ಚು ಜನ ಹೀಗೆ ಕೇಳಿ ಕೊಡುವಂತಾಗಲಿ ಎಂಬುದು ನನ್ನ ಆಸೆ.

ನೆಲದ ಕಲೆ ನಮ್ಮ ಅಂಗಳದಲ್ಲಿ ಬಿದ್ದಾಗ ಮಾತ್ರ ನಮಗೆ ಕಾಣುತ್ತದೆ. ಉಳಿದ ಹನಿಗಳೆಲ್ಲ ರಸ್ತೆಯಲ್ಲಿ ಬೀಳುತ್ತವೆ. ಬೇಸಿಗೆಯಿಡೀ ಹೀಗೆ ಬಿದ್ದು ಧೂಳಿನಲ್ಲಿ ಕೂತಿದ್ದ ಆಯಿಲ್ ಮೊದಲ ಮಳೆಗೆ ಮೇಲೆದ್ದು ತಿರುವುಗಳಲ್ಲಿ ಜಾರುತ್ತದೆ. ಬೀಳುವವರು ಬೈಕಿನವರು, ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವವರು. ಬಳಸಿದ ಎಂಜಿನ್ ಆಯಿಲನ್ನು ನಮ್ಮ ದೇಶದ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯ ಎಂದೇ ಪರಿಗಣಿಸಿವೆ. ಡಬ್ಬದಲ್ಲಿದ್ದಾಗ ಅದಕ್ಕೆ ನಿಯಮವಿದೆ, ಹನಿಹನಿಯಾಗಿ ಚರಂಡಿ ಸೇರಿದ್ದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಜಿನುಗಿದರೆ ಜಿನುಗಲಿ, ತಿಂಗಳಿಗೆ ಸ್ವಲ್ಪ ಆಯಿಲ್ ಹಾಕಿಕೊಂಡರಾಯಿತು ಎನ್ನುವವರ ಲೆಕ್ಕದಲ್ಲಿ ಈ ರಸ್ತೆ ಬರುವುದೇ ಇಲ್ಲ.

ತೊಳೆದು ಕಾದು ನೋಡುವುದನ್ನು ಇಷ್ಟು ಹೇಳಿದ ಮೇಲೆ, ಕಾಯಬಾರದ ಎರಡನ್ನು ಹೇಳದೆ ಬಿಡುವಂತಿಲ್ಲ. ಒಂದು ಪೆಟ್ರೋಲ್. ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಪೈಪಿನೊಳಗೆ ಸುಮಾರು 3 ಬಾರ್ ಒತ್ತಡವಿರುತ್ತದೆ. ಚಾವಿ ತಿರುಗಿಸಿದೊಡನೆ ಪಂಪು ಚಾಲೂ ಆಗಿ, ನಿಂತಾಗ ತೊಟ್ಟಿಕ್ಕುತ್ತಿದ್ದದ್ದು ಬಿಸಿ ಎಂಜಿನ್ನಿನ ಮೇಲೆ ಸಿಂಪಡಿಸತೊಡಗುತ್ತದೆ. ವಾಸನೆ ಬಂದರೆ ಚಾವಿ ಮುಟ್ಟದೆ, ಕಾರನ್ನು ಬಯಲಿಗೆ ತಳ್ಳಿ, ಬೀಡಿ ಬೆಂಕಿಯನ್ನು ದೂರವಿಟ್ಟು ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಬೇಕು. ಇನ್ನೊಂದು ಬ್ರೇಕ್ ಆಯಿಲ್. ಪ್ಯಾಡುಗಳು ಸವೆದಂತೆ ಬಾಟಲಿಯ ಮಟ್ಟ ತುಸು ಇಳಿಯುವುದು ಸಹಜ, ಅದಕ್ಕೆ ಗಾಬರಿ ಬೇಡ. ಆದರೆ ಟಯರಿನ ಒಳಮೈ ಒದ್ದೆಯಾಗಿದ್ದರೆ, ಪೆಡಲ್ ನಿನ್ನೆಗಿಂತ ಆಳಕ್ಕೆ ಹೋಗುತ್ತಿದ್ದರೆ, ಬ್ರೇಕಿನ ಎರಡು ಪ್ರತ್ಯೇಕ ಜಾಲಗಳಲ್ಲಿ ಒಂದು ಆಗಲೇ ಕೈಬಿಡುತ್ತಿರಬಹುದು. ಸಪಾಟು ರಸ್ತೆಯಲ್ಲಿ ಉಳಿದೊಂದು ಜಾಲ ನಿಲ್ಲಿಸೀತು. ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಅದೊಂದನ್ನೇ ನಂಬುವಂತಿಲ್ಲ. ತೀರ್ಥಹಳ್ಳಿಯಲ್ಲಿ ಚಹಾ ಕುಡಿಯಲು ನಿಂತಾಗ ಚಕ್ರದ ಒಳಬದಿಯಲ್ಲಿ ಅಂಥ ಒದ್ದೆ ಕಂಡರೆ ಘಟ್ಟ ಇಳಿಯುವ ಮಾತು ಬಿಟ್ಟು, ಕಾರನ್ನು ಅಲ್ಲೇ ನಿಲ್ಲಿಸಿ, ಬಸ್ಸು ಹತ್ತಿ.